ಹಾವಿನ ಮರಿಗೆ ಎಷ್ಟು ದೊಡ್ಡ ಇಲಿ, ಎಷ್ಟು ದಿನಕ್ಕೊಮ್ಮೆ?

ಪ್ರಶ್ನೆ: ನನ್ನ ಹತ್ತಿರ ನಾಲ್ಕು ತಿಂಗಳ ಕಾರ್ನ್ ಸ್ನೇಕ್ ಮರಿ ಇದೆ. ತೂಕ 18 ಗ್ರಾಂ. ವಾರಕ್ಕೊಂದು ಪಿಂಕಿ, ಅಂದರೆ ಇನ್ನೂ ಕೂದಲು ಬರದ ಇಲಿಮರಿ, ಕೊಡುತ್ತಿದ್ದೆ. ತಿಂದ ಮೂರೇ ದಿನಕ್ಕೆ ರಾತ್ರಿಯೆಲ್ಲ ಗಾಜಿಗೆ ಮೂತಿ ಒತ್ತಿಕೊಂಡು ಓಡಾಡುತ್ತದೆ. ಹೊಟ್ಟೆ ತುಂಬುತ್ತಿಲ್ಲವೇನೋ ಅಂತ ಮೊನ್ನೆ ಕೂದಲು ಬಂದಿದ್ದ, 6 ಗ್ರಾಂ ತೂಗುವ ಇಲಿಮರಿ ಕೊಟ್ಟೆ. ಗಬಕ್ಕನೆ ನುಂಗಿತು. ಎರಡನೇ ದಿನ ಕಕ್ಕಿಬಿಟ್ಟಿತು. ಈಗ ಊಟ ಕೊಡೋಕೇ ಭಯ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಏನೂ ಕೊಡಬೇಡಿ. ಕಕ್ಕಿದ ದಿನದಿಂದ 10ರಿಂದ 14 ದಿನ ಹೊಟ್ಟೆಗೆ ಬಿಡುವು ಬೇಕು. ಮರಿ ಉಪವಾಸ ಇದೆಯಲ್ಲಾ ಅಂತ ಕರುಳು ಚುರ್ ಅನ್ನುತ್ತದೆ, ಗೊತ್ತು. ಆದರೆ ಕಕ್ಕಿದಾಗ ಇಲಿಯ ಜೊತೆ ಜೀರ್ಣರಸವೂ ಹೋಗಿರುತ್ತದೆ, ಅನ್ನನಾಳ ಕೆರೆದು ಹುಣ್ಣಾಗಿರಬಹುದು. ನಾಲ್ಕೇ ದಿನಕ್ಕೆ ಮತ್ತೆ ತಿನ್ನಿಸಿದರೆ ಮತ್ತೆ ಕಕ್ಕುತ್ತದೆ. ಇಷ್ಟು ಚಿಕ್ಕ ಮರಿ ಹಾಗೆ ಎರಡು ಮೂರು ಸಲ ಕಕ್ಕಿದರೆ ಉಳಿಯೋದು ಕಷ್ಟ. ಶುದ್ಧ ನೀರು ಮಾತ್ರ ಸದಾ ಇರಲಿ. ಅಲ್ಲಿಯವರೆಗೆ ಕೈಗೆತ್ತಿಕೊಳ್ಳಲೂ ಬೇಡಿ.

ಬಿಡುವು ಮುಗಿದ ಮೇಲೆ ಮೊದಲ ಊಟ ಮಾಮೂಲಿಗಿಂತ ಅರ್ಧ. ಆಗತಾನೇ ಹುಟ್ಟಿದ ಪಿಂಕಿ ಒಂದು ಒಂದೂವರೆ ಗ್ರಾಂ ಇರುತ್ತದೆ, ಅದು ಸಾಕು. ಅಷ್ಟು ಚಿಕ್ಕದು ಸಿಗದಿದ್ದರೆ ಪಿಂಕಿಯನ್ನೇ ಅರ್ಧ ಮಾಡಿ ಕೊಡಿ. ಅದು ಜೀರ್ಣವಾಗಿ ಹಿಕ್ಕೆ ಬಂದರೆ ಒಂದು ವಾರದ ನಂತರ ಇನ್ನೊಂದು ಚಿಕ್ಕದು. ಹೀಗೆ ಎರಡು ಮೂರು ಊಟ ದಕ್ಕಿದ ಮೇಲೆ ಹಳೆಯ ಅಳತೆಗೆ ಬನ್ನಿ. ಮತ್ತೆ ಕಕ್ಕಿದರೆ ಕಾಯಬೇಡಿ. ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಹೋಗಿ, ಹಿಕ್ಕೆಯ ಮಾದರಿಯನ್ನೂ ಒಯ್ಯಿರಿ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಸೇರಿಕೊಂಡರೂ ಹಾವು ಪದೇ ಪದೇ ಕಕ್ಕುತ್ತದೆ.

ಈಗ ಮೂಲ ವಿಷಯಕ್ಕೆ ಬರೋಣ. "ಗಬಕ್ಕನೆ ನುಂಗಿತು" ಅಂತ ಬರೆದಿದ್ದೀರಿ. ನುಂಗಿಯೇ ನುಂಗುತ್ತದೆ. ಹಾವಿನ ಕೆಳದವಡೆಯ ಎರಡು ಭಾಗ ಮುಂದೆ ಒಂದಕ್ಕೊಂದು ಬೆಸೆದುಕೊಂಡಿಲ್ಲ, ಹಿಗ್ಗುವ ನಾರಿನಿಂದ ಕೂಡಿಕೊಂಡಿವೆ. ಹಾಗಾಗಿ ತಲೆಗಿಂತ ಎಷ್ಟೋ ದಪ್ಪದ್ದೂ ಒಳಗೆ ಹೋಗುತ್ತದೆ. ತೊಂದರೆ ಶುರುವಾಗೋದು ಆಮೇಲೆ. ನಿಮ್ಮ ಮರಿ ನುಂಗಿದ್ದು ತನ್ನ ತೂಕದ ಮೂರನೇ ಒಂದು ಭಾಗ! ಅದು ಕರಗುವ ಮೊದಲೇ ಹೊಟ್ಟೆಯೊಳಗೆ ಕೊಳೆಯೋಕೆ ಶುರುವಾಗಿರುತ್ತದೆ. ಆಗ ಹೊರಗೆ ಹಾಕದೆ ಹಾವಿಗೆ ಬೇರೆ ದಾರಿಯೇ ಇಲ್ಲ.

ಅದಕ್ಕೇ ತಲೆ ನೋಡಿ ಇಲಿ ಆರಿಸಬೇಡಿ, ನಡುಭಾಗ ನೋಡಿ. ಹಾವಿನ ಮೈ ಎಲ್ಲಿ ಅತಿ ದಪ್ಪವೋ, ಇಲಿ ಅಷ್ಟೇ ದಪ್ಪ ಇರಲಿ, ಹೆಚ್ಚೆಂದರೆ ಅದರ ಒಂದೂಕಾಲು ಪಟ್ಟು. ತಿಂದ ಮೇಲೆ ಹೊಟ್ಟೆಯ ಹತ್ತಿರ ಸಣ್ಣ ಉಬ್ಬು ಕಾಣಬೇಕು, ಅಷ್ಟೇ. ಆ ಜಾಗದಲ್ಲಿ ಹುರುಪೆಗಳು ದೂರ ಸರಿದು ನಡುವಿನ ಚರ್ಮ ಬಿಳಿಬಿಳಿಯಾಗಿ ಕಂಡರೆ ಊಟ ದೊಡ್ಡದಾಯಿತು ಎಂದೇ ಅರ್ಥ.

ಕಣ್ಣಳತೆಗಿಂತ ತೂಕ ನಂಬಿಕಸ್ಥ. ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹಾವಿಗೆ ಅಂತಲೇ ಒಂದು ಮುಚ್ಚಳದ ಡಬ್ಬಿ ಇಟ್ಟುಕೊಳ್ಳಿ. ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ, ಮರಿಯನ್ನು ಒಳಗೆ ಬಿಡಿ. ಊಟದ ಹಿಂದಿನ ದಿನ ತೂಗಿದರೆ ಒಳ್ಳೆಯದು. ಈ ವಯಸ್ಸಿನಲ್ಲಿ ಒಂದು ಊಟ ಮೈತೂಕದ 10ರಿಂದ 15 ಶೇಕಡಾ ಇರಲಿ. ನಿಮ್ಮ 18 ಗ್ರಾಂ ಮರಿಗೆ 1.8ರಿಂದ 2.7 ಗ್ರಾಂ. ಅಂದರೆ ನೀವು ಮೊದಲು ಕೊಡುತ್ತಿದ್ದ ಪಿಂಕಿಯೇ ಸರಿಯಾಗಿತ್ತು. ಐದರಿಂದ ಏಳು ದಿನಕ್ಕೊಂದು ಕೊಡಿ. ಬೆಳೆದಂತೆ ಇಲಿ ದೊಡ್ಡದಾಗಲಿ, ನಡುವಿನ ದಿನಗಳೂ ಜಾಸ್ತಿಯಾಗಲಿ. ದೊಡ್ಡ ಕಾರ್ನ್ ಸ್ನೇಕಿಗೆ ಎರಡು ವಾರಕ್ಕೊಮ್ಮೆ ಸಾಕು.

ಗಾಜಿನ ಹತ್ತಿರ ಓಡಾಡುವುದು? ಅದು ಈ ಹಾವಿನ ಗುಣ. ಕತ್ತಲಾದ ಮೇಲೆ ಸುತ್ತುತ್ತದೆ, ಮೂಸುತ್ತದೆ, ಏನು ಸಿಕ್ಕರೂ ಹಿಡಿಯುತ್ತದೆ. ಕಾಡಿನಲ್ಲಿ ಮುಂದಿನ ಊಟ ಯಾವಾಗಲೋ ಗೊತ್ತಿಲ್ಲವಲ್ಲ, ಸಿಕ್ಕಾಗ ತಿನ್ನುವ ಬುದ್ಧಿ ಅದಕ್ಕೆ ಹುಟ್ಟಿನಿಂದಲೇ ಬಂದಿದೆ. ತಿನ್ನೋಕೆ ತಯಾರಿದೆ ಅಂದ ಮಾತ್ರಕ್ಕೆ ಊಟ ಬೇಕಾಗಿದೆ ಎಂದಲ್ಲ. ತೂಕ ನಿಧಾನವಾಗಿ ಏರುತ್ತಿದ್ದರೆ ನಿಶ್ಚಿಂತೆಯಿಂದಿರಿ.

ಒಂದನ್ನು ಮಾತ್ರ ಇವತ್ತೇ ಪರೀಕ್ಷಿಸಿ. ಗೂಡಿನ ಬೆಚ್ಚಗಿನ ತುದಿಯ ನೆಲ ಎಷ್ಟು ಡಿಗ್ರಿ ಇದೆ? 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಾವಿನ ಮೈ ತಾನಾಗಿ ಕಾಯುವುದಿಲ್ಲ, ಹೊರಗಿನ ಕಾವಿನಿಂದಲೇ ಅದರ ಹೊಟ್ಟೆ ಕೆಲಸ ಮಾಡುವುದು. ತಣ್ಣಗಿದ್ದರೆ ಸರಿಯಾದ ಅಳತೆಯ ಪಿಂಕಿಯೂ ಅರಗುವುದಿಲ್ಲ. ಹಾಗೇ, ತಿಂದ ಮೇಲೆ ಕಡಿಮೆಯೆಂದರೆ 48 ಗಂಟೆ ಮುಟ್ಟಬೇಡಿ.

ಪ್ರಶ್ನೆ: ನಮ್ಮ ಬಾಲ್ ಪೈಥಾನ್ ಮರಿಗೆ ಆರು ತಿಂಗಳು, 210 ಗ್ರಾಂ. ಮೂರು ವಾರದಿಂದ ಏನೂ ತಿಂದಿಲ್ಲ. ಫ್ರೀಜರಿನ ಇಲಿಯನ್ನು ದಿನಾ ಮುಂದೆ ಹಿಡಿದರೂ ಮುಖ ತಿರುಗಿಸುತ್ತದೆ. ಜೀವಂತ ಇಲಿ ಬಿಡಲೇ?

ಉತ್ತರ: ದಿನಾ ಹಿಡಿಯುವುದನ್ನು ಮೊದಲು ನಿಲ್ಲಿಸಿ. ಅದರಿಂದ ಮರಿ ಇನ್ನಷ್ಟು ಹೆದರುತ್ತದೆ. ವಾರಕ್ಕೊಮ್ಮೆ, ಕತ್ತಲಾದ ಮೇಲೆ ಪ್ರಯತ್ನಿಸಿ. ಕಣ್ಣು ಹಾಲು ಬೆರೆಸಿದ ಹಾಗೆ ಮಬ್ಬಾಗಿದೆಯಾ ನೋಡಿ. ಹಾಗಿದ್ದರೆ ಪೊರೆ ಬಿಡುವ ಸಮಯ, ಅದು ಮುಗಿಯುವವರೆಗೆ ಸುಮ್ನೆ ಬಿಟ್ಟುಬಿಡಿ.

ಬಾಲ್ ಪೈಥಾನಿನ ಮೇಲ್ತುಟಿಯ ಉದ್ದಕ್ಕೂ ಕಾವು ಗುರುತಿಸುವ ಸಣ್ಣ ಗುಳಿಗಳಿವೆ. ತಣ್ಣನೆಯ ಇಲಿ ಅದಕ್ಕೆ ಬೇಟೆಯ ಹಾಗೆ ತೋರುವುದೇ ಇಲ್ಲ. ಇಲಿಯನ್ನು ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಪೂರ್ತಿ ಕರಗಲಿ. ಕೊಡುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಲ್ಲಿ ಇಡಿ. ತಲೆಯ ಭಾಗ 38 ಡಿಗ್ರಿಯ ಹತ್ತಿರ ಬರಬೇಕು. ಮೈಕ್ರೋವೇವ್ ಮಾತ್ರ ಬೇಡವೇ ಬೇಡ, ಒಳಗೊಳಗೆ ಬೆಂದುಹೋಗುತ್ತದೆ. ಇಕ್ಕಳದಲ್ಲಿ ಇಲಿಯ ಸೊಂಟ ಹಿಡಿದು, ಗೂಡಿನ ಬಾಯಿಯ ಹತ್ತಿರ ಮೆಲ್ಲಗೆ ಅಲುಗಿಸಿ. ನಾಲಿಗೆ ಆಡುವುದು ನಿಧಾನವಾಗಿ, ಕತ್ತು ಇಂಗ್ಲಿಷ್ ಎಸ್ ಆಕಾರದಲ್ಲಿ ಹಿಂದಕ್ಕೆ ಸೆಳೆದುಕೊಂಡರೆ, ಉಸಿರು ಬಿಗಿಹಿಡಿದು ಕಾಯಿರಿ. ಇನ್ನೇನು ಹೊಡೆಯುತ್ತದೆ.

ಜೀವಂತ ಇಲಿಯನ್ನು ಬಿಟ್ಟು ಹೋಗಬೇಡಿ. ಹಸಿದ ಇಲಿ ಹಾವಿನ ಬೆನ್ನನ್ನು ಮೂಳೆ ಕಾಣುವ ತನಕ ಕಡಿದದ್ದುಂಟು.

ಮೂರು ವಾರಕ್ಕೆ ಗಾಬರಿಯಾಗಬೇಕಿಲ್ಲ, ಈ ಜಾತಿ ಊಟ ಬಿಡೋದು ಮಾಮೂಲು. ವಾರಕ್ಕೊಮ್ಮೆ ತೂಗಿ ಬರೆದಿಡಿ. 210ರಿಂದ 190ಕ್ಕೆ ಇಳಿದರೆ, ಅಂದರೆ ಸುಮಾರು ಹತ್ತನೇ ಒಂದು ಭಾಗ ಹೋದರೆ, ವೈದ್ಯರಿಗೆ ತೋರಿಸಿ.

ಪ್ರಶ್ನೆ: ಇಲಿ ಸಿಗದ ವಾರ ಕೋಳಿಮಾಂಸದ ತುಂಡು ಕೊಡಬಹುದಾ?

ಉತ್ತರ: ಬೇಡ. ಹಾವಿಗೆ ಇಡೀ ಪ್ರಾಣಿ ಬೇಕು. ಸುಣ್ಣದ ಅಂಶ ಮೂಳೆಯಿಂದ, ಎ ಜೀವಸತ್ವ ಪಿತ್ತಜನಕಾಂಗದಿಂದ ಸಿಗುತ್ತದೆ. ಬರೀ ಮಾಂಸದಲ್ಲಿ ಅವು ಸಾಲುವುದಿಲ್ಲ. ಆರೋಗ್ಯವಾಗಿರುವ ಮರಿ ಒಂದು ವಾರ ಊಟ ತಪ್ಪಿದರೆ ಸೊರಗುವುದಿಲ್ಲ, ಮುಂದಿನ ವಾರ ಮಾಮೂಲಿ ಅಳತೆಯದೇ ಕೊಡಿ. ತಪ್ಪಿದ್ದನ್ನು ತುಂಬಿಸಲು ದೊಡ್ಡ ಇಲಿ ಹುಡುಕಬೇಡಿ.