ಕೆಲಸ ಬಿಟ್ಟರೆ ಹಾಡು ಬರುತ್ತದೆಯೇ?

ಆಪ್ತ ಸಲಹೆಗೆಂದು ನನ್ನ ಹತ್ತಿರ ಬಂದ ಒಬ್ಬ ಹುಡುಗನ ಕಥೆ ಇದು. ಗುರುತು ಸಿಗಬಾರದೆಂದು ಊರು, ಉದ್ಯೋಗದಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆತನ ಒಪ್ಪಿಗೆ ಇದೆ.

ಆತನಿಗೆ 26 ವರ್ಷ. ಹಾವೇರಿ ಕಡೆಯ ಹುಡುಗ. ಬಿಕಾಂ ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಾರ್ಖಾನೆಯ ಲೆಕ್ಕ ನೋಡಿಕೊಳ್ಳುತ್ತಾನೆ. ನನ್ನ ಹತ್ತಿರ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಸ್ವಲ್ಪ ಮಾತಾಡಿದ ಮೇಲೆ ನಿಜವಾದ ವಿಷಯ ಹೊರಗೆ ಬಂತು. "ಕೆಲಸ ಬಿಡ್ಬೇಕು ಮೇಡಂ. ಸಿನಿಮಾಕ್ಕೆ ಹಾಡು ಬರೀಬೇಕು. ಗಾಂಧಿನಗರದಲ್ಲಿ ಓಡಾಡದೆ ಚಾನ್ಸ್ ಸಿಗಲ್ಲ." ಊರಿನಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: "ಹಾಡಿನಿಂದ ಹೊಟ್ಟಿ ತುಂಬತೈತೇನು?" ಇದರ ನಡುವೆ ಯಾರೋ ಒಬ್ಬ, ಐವತ್ತು ಸಾವಿರ ಕೊಟ್ಟರೆ ಹೊಸ ಚಿತ್ರವೊಂದರಲ್ಲಿ ಹಾಡು ಕೊಡಿಸುತ್ತೇನೆ ಎಂದಿದ್ದ. ಹುಡುಗ ಸಾಲಕ್ಕೆ ಓಡಾಡುತ್ತಿದ್ದ.

ಬರೆದದ್ದನ್ನು ಯಾರು ಕೇಳಿದ್ದಾರೆ ಎಂದು ವಿಚಾರಿಸಿದೆ. ಸುಮ್ಮನಾದ. ನೋಟ್‌ಬುಕ್ ತುಂಬ ಹಾಡುಗಳಿದ್ದವು. ರೂಮ್‌ಮೇಟ್‌ಗೂ ಒಂದು ಸಾಲು ಓದಿ ಹೇಳಿರಲಿಲ್ಲ.

ನನಗೆ ಇಡೀ ಪ್ರಕರಣ ನಿಂತಿದ್ದು ಇಲ್ಲೇ. ಕೆಲಸ ಬಿಡುವುದು ಅವನ ಕಣ್ಣಿಗೆ ಧೈರ್ಯದ ಹೆಜ್ಜೆ. ಆದರೆ ಒಬ್ಬರ ಎದುರು ಕೂತು ಒಂದು ಪಲ್ಲವಿ ಹೇಳಿ, ಅವರ ಮುಖ ನೋಡುವುದು ಅದಕ್ಕಿಂತ ಕಷ್ಟ. ಆ ಕಷ್ಟ ತಪ್ಪಿಸಿಕೊಳ್ಳಲು ಮನಸ್ಸು ದೊಡ್ಡ ದೊಡ್ಡ ಯೋಜನೆ ಹಾಕುತ್ತದೆ. ರಾಜೀನಾಮೆ ಕೊಟ್ಟ ಮೇಲೆ ಬರೀತೀನಿ, ಚಾನ್ಸ್ ಸಿಕ್ಕಮೇಲೆ ತೋರಿಸ್ತೀನಿ. ಕಲೆಯ ಆಸೆ ಇಟ್ಟುಕೊಂಡು ಬರುವ ಹುಡುಗ ಹುಡುಗಿಯರಲ್ಲಿ ಇದನ್ನು ಜಾಸ್ತಿ ನೋಡುತ್ತೇನೆ. ಇದನ್ನು ಅವನಿಗೆ ನೇರವಾಗಿಯೇ ಹೇಳಿದೆ. ಅಷ್ಟೇನೂ ಖುಷಿಯಾಗಲಿಲ್ಲ.

ದುಡ್ಡಿನ ವಿಷಯದಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ. ಹಾಡು ಬರೆದವನಿಗೆ ಹಣ ಬರಬೇಕು, ಅವನೇ ಕೊಡುವುದಲ್ಲ. ಆ ನಂಬರ್ ಬ್ಲಾಕ್ ಮಾಡಲು ಹೇಳಿದೆ.

ಕೆಲಸ ಸದ್ಯಕ್ಕೆ ಇರಲಿ ಎಂದೆ. "ಹಾಗಾದ್ರೆ ವಯಸ್ಸಾಗಿಹೋಗುತ್ತೆ" ಎಂದ. ಜಯಂತ ಕಾಯ್ಕಿಣಿಯವರ ಉದಾಹರಣೆ ಕೊಟ್ಟೆ. ಮುಂಬೈಯಲ್ಲಿ ಔಷಧ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದವರು. ಅವರ ಸಿನಿಮಾ ಹಾಡುಗಳು ಮನೆಮಾತಾದದ್ದು 2006ರಲ್ಲಿ, ಅಷ್ಟರಲ್ಲಿ ಅವರಿಗೆ ಐವತ್ತು ದಾಟಿತ್ತು. ಕಥೆ, ಕವಿತೆ ಮಾತ್ರ ಮೊದಲಿನಿಂದಲೂ ಬರೆದು ಪ್ರಕಟಿಸುತ್ತಲೇ ಇದ್ದರು. ಈ ಕೊನೆಯ ಮಾತನ್ನು ಅವನಿಗೆ ಎರಡು ಸಲ ಹೇಳಿದೆ.

ಆಮೇಲೆ ಅಭ್ಯಾಸದ ಮಾತು. ಇವತ್ತಿನ ಸಿನಿಮಾದಲ್ಲಿ ಹೆಚ್ಚಾಗಿ ಟ್ಯೂನ್ ಮೊದಲು, ಸಾಹಿತ್ಯ ನಂತರ. ಸಂಗೀತ ನಿರ್ದೇಶಕರು "ಲಾಲಾಲ" ಎಂದೋ, ಅರ್ಥವಿಲ್ಲದ ಡಮ್ಮಿ ಮಾತು ಹಾಕಿಯೋ ಹಾಡಿ ಕಳಿಸುತ್ತಾರೆ. ಅದರೊಳಗೆ ಮಾತು ಕೂರಿಸಬೇಕು. ಇವನ ನೋಟ್‌ಬುಕ್‌ನಲ್ಲಿ ಇದ್ದದ್ದು ಓದುವ ಕವಿತೆಗಳು. ಹಾಗಾಗಿ ಒಂದು ಕೆಲಸ ಕೊಟ್ಟೆ: ನಿನಗೆ ಗೊತ್ತಿರುವ ಯಾವುದಾದರೂ ಜೋಗುಳದ ಧಾಟಿ ತಗೋ. ಅದಕ್ಕೆ ಹೊಸ ಮಾತು ಬರೆ. ನೀನು ಹಾಡಬೇಡ, ಬೇರೆಯವರ ಕೈಲಿ ಹಾಡಿಸು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಲಘು, ಗುರು ಗುರುತಿಸಿದ್ದು ನೆನಪಿದೆಯಲ್ವಾ, ಅದೇ ಲೆಕ್ಕ ಇಲ್ಲಿ ಬೇಕಾಗುತ್ತದೆ.

ಕಾರ್ಖಾನೆಯ ಕನ್ನಡ ಸಂಘದಲ್ಲಿ ಕೀಬೋರ್ಡ್ ನುಡಿಸುವ ಒಬ್ಬರಿದ್ದರು, ವಾರಾಂತ್ಯ ಆರ್ಕೆಸ್ಟ್ರಾಕ್ಕೆ ಹೋಗುವವರು. ಅವರನ್ನು ಮಾತಾಡಿಸಲು ಹುಡುಗನಿಗೆ ಬಹಳ ದಿನ ಬೇಕಾಯಿತು. ಕೊನೆಗೆ ಅವರೇ ಕ್ಯಾಂಟೀನಿನಲ್ಲಿ ಒಂದು ಚರಣ ಹಾಡಿ ನೋಡಿದರು. "ನಿನ್ನಯ ನಿರೀಕ್ಷೆಯಲಿ" ಎಂಬ ಕಡೆ ಉಸಿರು ಸಿಕ್ಕಿಹಾಕಿಕೊಂಡಿತು. ಎತ್ತರದ ಸ್ವರದಲ್ಲಿ ಎಳೆಯಬೇಕಾದ ಜಾಗದಲ್ಲಿ ಒತ್ತಕ್ಷರ ಬಂದು ಕೂತಿತ್ತು. "ಇಲ್ಲಿ ಬಾಯಿ ತೆರೆಯೋ ಅಕ್ಷರ ಕೊಡಪ್ಪ, ಆ ಇರಲಿ, ಓ ಇರಲಿ" ಎಂದರಂತೆ. ಅಲ್ಲೇ ಕೂತು "ನೀ ಬರೋ ದಾರಿ ಕಾದೆ" ಎಂದು ಬದಲಿಸಿದ. ನನಗೆ ಇದನ್ನು ಹೇಳುವಾಗ ಕೈ ಬೀಸಿ ತಾಳ ಹಾಕುತ್ತಿದ್ದ. ಅಷ್ಟು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆ ವರ್ಷ ಸಂಘದ ರಾಜ್ಯೋತ್ಸವಕ್ಕೆ ಇಬ್ಬರೂ ಸೇರಿ ಹಾಡು ಮಾಡಿದರು. ಚಪ್ಪಾಳೆ ಸಾಧಾರಣ. ಮಾರನೇ ದಿನ ಪ್ಯಾಕಿಂಗ್ ವಿಭಾಗದ ಒಬ್ಬಾಕೆ ಪಲ್ಲವಿ ಗುನುಗುತ್ತಿದ್ದಳಂತೆ. ನಿದ್ದೆ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಹನ್ನೊಂದರ ಮೇಲೆ ನೋಟ್‌ಬುಕ್ ಮುಚ್ಚು, ಫೋನನ್ನು ಇನ್ನೊಂದು ಕೋಣೆಯಲ್ಲಿಡು ಎಂಬ ಮಾಮೂಲಿ ಸಲಹೆಗಳೂ ಕೆಲಸ ಮಾಡಿದವು.

ಅವಕಾಶಕ್ಕೆ ಗಾಂಧಿನಗರವೊಂದೇ ಬಾಗಿಲಲ್ಲ. ಕಿರುಚಿತ್ರ ಮಾಡುವವರು, ಹವ್ಯಾಸಿ ನಾಟಕ ತಂಡಗಳು, ಇವನಷ್ಟೇ ಹೊಸಬರಾದ ಸಂಗೀತಗಾರರು, ಎಲ್ಲರಿಗೂ ಸಾಹಿತ್ಯ ಬೇಕು. ಹೊಸಬರಿಗೆ ಹೊಸಬರೇ ಸಿಗುವುದು, ಒಟ್ಟಿಗೇ ಬೆಳೆಯುವುದು.

ಈಗ ಒಂದು ಕಿರುಚಿತ್ರ ತಂಡ ಕರೆದಿದೆ. ಕರಾರು ಪತ್ರ ಹಿಡಿದುಕೊಂಡು ಬಂದಿದ್ದ. "ಎಲ್ಲಾ ಹಕ್ಕು ಶಾಶ್ವತವಾಗಿ ನಮ್ಮದು" ಎಂದಿತ್ತು. ನಾನು ವಕೀಲೆಯಲ್ಲ, ಸಹಿಗೆ ಮೊದಲು ವಕೀಲರಿಗೆ ತೋರಿಸು ಎಂದೆ. ಆದರೂ ಇಷ್ಟು ತಿಳಿದಿರಲಿ ಎಂದು ಹೇಳಿದೆ: ಹಾಡು ಬರೆದ ಕ್ಷಣದಿಂದ ಕೃತಿಸ್ವಾಮ್ಯ ಬರೆದವರದು, ನೋಂದಣಿ ಕಡ್ಡಾಯವಲ್ಲ. ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲೇ ಆಗಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದು ಕಾನೂನು ಎಣಿಸುತ್ತದೆ. 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಬರುವುದನ್ನು ಬಿಟ್ಟು ಬೇರೆ ಕಡೆ ಹಾಡು ಬಳಕೆಯಾದರೆ, ಆ ರಾಯಧನದಲ್ಲಿ ಸಾಹಿತ್ಯ ಬರೆದವರಿಗೆ ಪಾಲಿದೆ. ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಅದನ್ನು ಸಂಗ್ರಹಿಸಿ ಹಂಚಲು ಐಪಿಆರ್‌ಎಸ್ ಎಂಬ ಸಂಸ್ಥೆ ಇದೆ, ಹಾಡು ಹೊರಬಂದ ಮೇಲೆ ಸದಸ್ಯನಾಗಬಹುದು.

ಅಪ್ಪನ ವಿಷಯ ಮಾತ್ರ ಹಾಗೇ ಇದೆ. ಆ ಅಪ್ಪ ಊರಿನ ಭಜನಾ ಮೇಳದಲ್ಲಿ ಮುಂದೆ ಕೂತು ತತ್ವಪದ ಹಾಡುವವರು ಎಂದು ಮೊನ್ನೆಯಷ್ಟೇ ಗೊತ್ತಾಯಿತು. ಅವರಿಗೆ ಒಂದು ಹಾಡು ಕಳಿಸಿ ನೋಡು ಎಂದೆ. "ಅವ್ರು ಬ್ಯಾಡ ಮೇಡಂ, ತಪ್ಪು ಹುಡುಕ್ತಾರೆ" ಎಂದ. ಒತ್ತಾಯ ಮಾಡಲಿಲ್ಲ. ಮುಂದಿನ ಭೇಟಿಯಲ್ಲಿ ಆ ತಪ್ಪುಗಳ ಬಗ್ಗೆಯೇ ಮಾತಾಡುವುದೆಂದು ಇಬ್ಬರೂ ಒಪ್ಪಿದ್ದೇವೆ.