ಮಗು ಹುಟ್ಟಿದ ಮೇಲೆ ಗಂಡ ಹೆಂಡತಿ ಜಗಳ ಜಾಸ್ತಿಯಾಗುವುದು ಸಹಜವೇ?

"ಬಾಣಂತನ ಮುಗಿಸಿ ಹೆಂಡತಿ ಬಂದು ಎರಡು ತಿಂಗಳಾಯಿತು, ಕೈಲಾದಷ್ಟು ಹೆಲ್ಪ್ ಮಾಡುತ್ತೇನೆ, ಆದರೂ ದಿನಾ ಜಗಳ, ಒಮ್ಮೊಮ್ಮೆ ಅಳುತ್ತಾಳೆ" ಅಂತ ಬರೆದಿದ್ದೀರಿ. ನಮ್ಮ ಮನೆಯ ಕಥೆಯೂ ಇದೇ. ಆ ಹೆಲ್ಪ್ ಅನ್ನುವ ಮಾತಿನಲ್ಲೇ ನಾನು ಎಡವಿದ್ದು.

ನನ್ನವಳು ಹಾಸನದ ತವರಲ್ಲಿ ಐದು ತಿಂಗಳಿದ್ದಳು. ಹೆರಿಗೆ ರಜೆ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಅವಳಿಗೆ 26 ವಾರ ಸಂಬಳದ ರಜೆ. ಕೇಂದ್ರ ಸರ್ಕಾರಿ ನೌಕರ ಅಪ್ಪನಿಗೆ 15 ದಿನ ಸಿಗುತ್ತದೆ. ಖಾಸಗಿ ಕೆಲಸದ ನನಗೆ ಕಂಪನಿ ಕೊಟ್ಟಷ್ಟು, ಅಂದರೆ ಐದು ದಿನ. ಆಮೇಲೆ ಶನಿವಾರ ಬಸ್ಸು ಹತ್ತಿ ಹೋಗುವುದು, ಅತ್ತೆ ಮಾಡಿದ ಕಡುಬು ತಿನ್ನುವುದು, ಮಗುವನ್ನು ಹತ್ತು ನಿಮಿಷ ಎತ್ತಿಕೊಂಡು ಅತ್ತ ಕೂಡಲೇ ವಾಪಸ್ ಕೊಡುವುದು. ಥೇಟ್ ನೆಂಟ.

ಅಷ್ಟರಲ್ಲಿ ಅವಳು ಯಾವ ಅಳು ಹಸಿವಿಗೆ, ಯಾವುದು ನಿದ್ದೆಗೆ ಅಂತ ಕಲಿತಾಗಿತ್ತು. ಬೆಂಗಳೂರಿಗೆ ಬಂದ ಮೇಲೆ ನಾನು ಮಾಡಿದ್ದೆಲ್ಲ ತಪ್ಪು. ಲಂಗೋಟಿ ಬಿಗಿಯಾಯಿತು, ಹಾಲು ಕುಡಿದ ಮೇಲೆ ತೇಗಿಸಲಿಲ್ಲ. ನಾನು ಮುನಿಸಿಕೊಂಡು ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಒಂದು ರಾತ್ರಿ "ಏನು ಮಾಡ್ಲಿ ಹೇಳು" ಅಂದೆ. "ಅದನ್ನೂ ನಾನೇ ಹೇಳ್ಬೇಕಲ್ಲ ರೀ, ಅದೇ ಸುಸ್ತು" ಅಂದಳು.

ಇದರ ಮೇಲೆ ನನ್ನಮ್ಮನ ಸಾಂಬ್ರಾಣಿ ಹೊಗೆ, ತೇಯ್ದ ಬಜೆ, ಸೆಖೆ ಅಂತ ಎರಡು ಚಮಚ ನೀರು. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟರೆ ನೀರೂ ಬೇಡ ಅಂತ ಡಾಕ್ಟರು ಹೇಳಿದ್ದರು. ಅದನ್ನೇ ಸೊಸೆ ಹೇಳಿದರೆ ಎದುರುತ್ತರ, ಮಗ ಹೇಳಿದರೆ ಬರೀ ಗೊಣಗಾಟದಲ್ಲಿ ಮುಗಿಯುತ್ತದೆ. ಹೇಳಬೇಕಾದವನು ನಾನು ಅಂತ ಹೊಳೆಯಲು ಮೂರು ವಾರ ಬೇಕಾಯಿತು.

ಕೊನೆಗೆ ಎರಡು ಕೆಲಸ ಪೂರ್ತಿ ನನ್ನ ಪಾಲಿಗೆ ಬಂದವು. ಮೊದಲನೆಯದು ಸ್ನಾನ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ಯುವುದನ್ನು ಅತ್ತೆಯೇ ಬಂದು ನಾಲ್ಕು ದಿನ ಕಲಿಸಿದರು, ನಗುತ್ತಲೇ. ಆರು ತಿಂಗಳಾದ ಮೇಲೆ ರಾಗಿ ಸರಿ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಮೊದಲ ದಿನ ಪುಡಿಯನ್ನು ನೇರ ಕುದಿಯುವ ನೀರಿಗೆ ಸುರಿದೆ, ಬರೀ ಗಂಟು. ತಣ್ಣೀರಲ್ಲಿ ಕದಡಿಕೊಂಡು ಹಾಕಬೇಕಿತ್ತು. ಅವಳು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು, ಬಾಯಿ ಬಿಡಲಿಲ್ಲ. ಹಾಗೆ ಸುಮ್ಮನಿರುವುದೇ ಹೆರಿಗೆಗಿಂತ ಕಷ್ಟವಾಗಿತ್ತಂತೆ!

ಅಳುವ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವಾರ ಮೀರಿ ಅಳು, ಮಗು ಮಲಗಿದರೂ ನಿದ್ದೆ ಬಾರದಿರುವುದು, ಯಾವುದೂ ಬೇಡ ಅನ್ನಿಸುವುದು ಇದ್ದರೆ ಡಾಕ್ಟರಿಗೆ ತೋರಿಸಿ. ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇರಿಸಿಕೊಂಡು ನೋಡುವ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಮ್ಮ ಜಗಳ ನಿಂತಿತೇ ಅಂದರೆ, ಇಲ್ಲ. ಮಗಳಿಗೀಗ ಎರಡು ವರ್ಷ. ಮೊಬೈಲ್ ತೋರಿಸಿ ಊಟ ಮಾಡಿಸಿದ್ದಕ್ಕೆ ನಿನ್ನೆಯೂ ಆಯಿತು. ಈ ಸಲ ತಪ್ಪು ಅವಳದು.