ಮೇಲೆ ಹತ್ತಿದರೂ ನೆಂಟ, ಕೆಳಗೆ ಇಳಿದರೂ ನೆಂಟ

ಮೂಡಿಗೆರೆ ಕಡೆಯ ಹುಡುಗನ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಉತ್ತರಿಸದೆ ಬೇರೆ ಪತ್ರ ತೆರೆಯಲು ಮನಸ್ಸಾಗಲಿಲ್ಲ.

ಅವರಿಗೆ 23 ವರ್ಷ. ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಹುಟ್ಟಿದವರು, ಮನೆಮಾತು ತುಳು. ಕಾಲೇಜಿನಲ್ಲಿ ‘ಘಟ್ಟದ ಕೆಳಗಿನವನು’, ಚಾರ್ಮಾಡಿ ಘಾಟಿ ಇಳಿದು ಬೆಳ್ತಂಗಡಿಯ ನೆಂಟರ ಮನೆಗೆ ಹೋದರೆ ‘ಘಟ್ಟದವನು’. ಹಾಡು ಬರೆಯುತ್ತಾರೆ. ಎಲ್ಲ ಹಾಡೂ ‘ನಾನು ಯಾರವನು’ ಅಂತಲೇ ಮುಗಿಯುತ್ತದಂತೆ. ರಾಗ ಹಾಕುವ ಗೆಳೆಯ ‘ಬರೀ ಗೋಳು’ ಅಂದನಂತೆ. ಬರೆಯುವುದನ್ನೇ ಬಿಡಲಾ ಅಂತ ಕೇಳಿದ್ದಾರೆ.

ಬಿಡಬೇಡಿ. ಆ ಪ್ರಶ್ನೆ ಅಲ್ಲಿಗೆ ಮುಗೀತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೇ ಪುಟದ ಕೊನೆಯ ಸಾಲು. ‘ಅಜ್ಜಿ ಹಣ್ಣು ಬಿಡಿಸುವಾಗ ಓಬೇಲೆ ಅಂತ ಏನೋ ಹಾಡ್ತಾರೆ, ಅದು ಬಿಡಿ.’ ಅದನ್ನು ಹೇಗ್ರೀ ಬಿಡೋದು? ಓಬೇಲೆ ಭತ್ತದ ಗದ್ದೆಯಲ್ಲಿ ನಾಟಿ ಮಾಡುತ್ತಾ ಹೆಂಗಸರು ಹಾಡುವ ಹಾಡು. ಒಬ್ಬರು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಸೇರಿಸಬೇಕು. ನಿಮ್ಮ ಅಜ್ಜಿ ಅದನ್ನು ಘಟ್ಟ ಹತ್ತಿಸಿಕೊಂಡು ಬಂದು, ಗದ್ದೆಯೇ ಇಲ್ಲದ ಕಡೆ, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಕಾಫಿ ಗಿಡದ ಕೊಂಬೆ ಬಗ್ಗಿಸಿ ಹಿಡಿದು ಒಬ್ಬರೇ ಹಾಡುತ್ತಿದ್ದಾರೆ. ಸೊಲ್ಲು ಸೇರಿಸಲು ಪಕ್ಕದಲ್ಲಿ ಯಾರೂ ಇಲ್ಲ, ಅಲ್ವಾ?

ಆ ಗೆಳೆಯನ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದಿದೆ. ನೀವು ಕಳಿಸಿದ ಹಾಳೆಯಲ್ಲಿ ‘ಕೊಟ್ಟಿಗೆಹಾರದಲ್ಲಿ ಬಸ್ ಇಳಿದೆ, ಮೇಲೆ ಹತ್ತಿದರೂ ನೆಂಟ, ಕೆಳಗೆ ಇಳಿದರೂ ನೆಂಟ’ ಅನ್ನುವ ಸಾಲಿಗೆ, ಘಟ್ಟದ ತುದಿಯ ಆ ಊರಿನ ಸಾಲಿಗೆ, ಗೀಟು ಬಿದ್ದಿದೆ. ಅದರ ಮೇಲೆ ‘ಈ ಲೋಕದಲಿ ನಾ ಒಂಟಿ’ ಅಂತ ಬರೆದಿದೆ. ಊರ ಹೆಸರು ತೆಗಿ, ಎಲ್ಲರಿಗೂ ಕನೆಕ್ಟ್ ಆಗಬೇಕು ಅಂದನಂತೆ! ಗೋಳು ಅನ್ನಿಸಿದ್ದು ಅವನು ಬರೆಸಿದ ಸಾಲಿನಿಂದ, ನಿಮ್ಮದರಿಂದ ಅಲ್ಲ. ನಾನು ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಊರು ಕೇರಿ ಇಲ್ಲದ ದುಃಖ ಯಾರ ಮನೆಗೂ ಹೋಗಿ ಮುಟ್ಟುವುದಿಲ್ಲ. 1978ರಲ್ಲಿ ಕ್ಯಾಸೆಟ್ ಆಗಿ ಬಂದ ‘ನಿತ್ಯೋತ್ಸವ’ದ ಹಾಡಿನಲ್ಲಿ ಜೋಗ ಇದೆ, ತುಂಗೆ ಇದೆ, ಸಹ್ಯಾದ್ರಿ ಇದೆ. ಇಡೀ ಕನ್ನಡನಾಡು ಅದನ್ನು ತನ್ನದು ಅಂತ ಹಾಡಿತು. ಬರೆದ ನಿಸಾರ್ ಅಹಮದ್ ತಮ್ಮ ಒಂದು ಸಂಕಲನಕ್ಕೆ ಇಟ್ಟ ಹೆಸರು ‘ನಾನೆಂಬ ಪರಕೀಯ’. ಎರಡೂ ಒಬ್ಬರದ್ದೇ.

ನೀವು ಮಾಡಬೇಕಾದ್ದು ಒಂದೇ. ಈ ಭಾನುವಾರ ನೋಟ್‌ಬುಕ್ ಹಿಡಿದು ಅಜ್ಜಿಯ ಪಕ್ಕ ಕೂತು ಓಬೇಲೆ ಹಾಡಿಸಿ. ತುಳುವಿನಲ್ಲೇ, ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ. ಯಾವ ಊರಿನ ಗದ್ದೆಯಲ್ಲಿ ಕಲಿತದ್ದು, ಜೊತೆಗೆ ಯಾರ್ಯಾರು ಇದ್ದರು, ಎಲ್ಲ ಕೇಳಿ. ಸೊಲ್ಲು ಬಂದಾಗ ಸುಮ್ನೆ ಕೂರಬೇಡಿ, ನೀವೂ ದನಿ ಸೇರಿಸಿ. ಗೆಳೆಯನಿಗೆ ಸದ್ಯಕ್ಕೆ ತೋರಿಸಬೇಡಿ. ಅಜ್ಜಿಗೆ ಯಾವುದಾದರೂ ಸಾಲು ಮರೆತಿದ್ದರೆ ಅಷ್ಟು ಜಾಗ ಖಾಲಿ ಬಿಡಿ, ನೀವು ತುಂಬಿಸಬೇಡಿ. ಇನ್ನೊಂದು ದಿನ ಕೆಲಸದ ಮಧ್ಯೆ ಅವರಿಗೆ ಅದು ನೆನಪಾಗಬಹುದು.